ಪೂರ್ವಪಕ್ಷದ ಮಣೆ

ಹಡಪಸರದ ಮಗಳ ಮನೆಯಿಂದ ಎಂಟೂಕಾಲಿನ ಬಸ್ಸು ಹಿಡಿದು, ಸ್ವಾರಗೇಟಿನಲ್ಲಿ ಇಳಿದು, ಅಲ್ಲಿಂದ ಪೇಠೆಗಳ ಕಡೆಗೆ ನಡೆದು ಹೋಗುವುದು ತಿಂಗಳಿಗೊಮ್ಮೆ ನನ್ನ ಕ್ರಮ. ಹೋದ ತಿಂಗಳು ಹಾಗೆ ಹೋದಾಗ ಊದಿನಕಡ್ಡಿಯ ಅಂಗಡಿಯವನು ಹೊಸ ಮಾಲು ಬಂದಿದೆ ಎಂದು ಒಂದು ಕಡ್ಡಿ ಹಚ್ಚಿ ತೋರಿಸಿದ. ಒಳಗೆ ಬಿದಿರು ಇಲ್ಲದ, ಬರೀ ಹಿಟ್ಟಿನಲ್ಲಿ ಹೊಸೆದ, ದರ್ಭೆಯಷ್ಟು ತೆಳ್ಳನೆಯ ಕಡ್ಡಿ. ಆ ವಾಸನೆ ಮೂಗಿಗೆ ಬಿದ್ದ ಕೂಡಲೇ ನನ್ನಲ್ಲಿ ಎದ್ದದ್ದು ಭಕ್ತಿಯಲ್ಲ, ಸಿಟ್ಟು. ಅಂಥ ಕಡ್ಡಿಯ ಪೆಟ್ಟಿಗೆಯನ್ನು ನಾನು ನೋಡಿದ್ದು ಒಬ್ಬನೇ ಮನುಷ್ಯನ ಕೈಯಲ್ಲಿ. ಅವನು ಪುಣೆಯಲ್ಲಿದ್ದದ್ದು ಒಂದೇ ಚಾತುರ್ಮಾಸ. ದೊಡ್ಡ ಯುದ್ಧ ಶುರುವಾಗಲು ಇನ್ನೂ ಎರಡು ವರ್ಷವಿತ್ತು.

ಆಗ ನನಗೆ ಇಪ್ಪತ್ತಾರು. ಬಾಗಲಕೋಟೆಯಿಂದ ಸಂಸ್ಕೃತ ಓದಲು ಬಂದು ಶನಿವಾರ ಪೇಠೆಯ ಒಂದು ಕೋಣೆಯಲ್ಲಿದ್ದೆ. ಊಟ ವಾರಾನ್ನ, ವಾರದ ಏಳು ದಿನಕ್ಕೆ ಏಳು ಮನೆ. ಬೆಳಗಿನ ನಾಲ್ಕೂವರೆಗೆ ಏಳುವುದು, ಐದಕ್ಕೆ ನದಿಯಲ್ಲಿ ಸ್ನಾನ, ಆರರಿಂದ ಎಂಟು ಪಾಠ ಒಪ್ಪಿಸುವುದು, ಹೀಗೆ ರಾತ್ರಿ ಒಂಬತ್ತರವರೆಗಿನ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೆ. ಒಂದು ಸಾಲನ್ನೂ ನಾನು ತಪ್ಪಿಸಿದವನಲ್ಲ. ಈಗಲೂ ತಪ್ಪಿಸುವುದಿಲ್ಲ.

ಗುರುಗಳು ವೆಂಕಣ್ಣ ಶಾಸ್ತ್ರಿಗಳು. ವಿಜಾಪುರದ ಕಡೆಯವರು, ಪುಣೆಗೆ ಬಂದು ನಲವತ್ತು ವರ್ಷವಾದರೂ ಮನೆಯ ಮಾತು ಕನ್ನಡವೇ. ವೇದಾಂತಿಗಳು. ಬೌದ್ಧರ ಶೂನ್ಯವಾದವನ್ನು ಖಂಡಿಸುವುದು ಅವರ ಜೀವಮಾನದ ಕೆಲಸವಾಗಿತ್ತು. ಖಂಡಿಸಬೇಕಾದರೆ ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ತಿಳಿದಿರಬೇಕು ಎಂಬುದು ನಮ್ಮ ಪಾಠದ ಹಳೆಯ ಪದ್ಧತಿ. ಅದಕ್ಕಾಗಿ ಶಿಷ್ಯರಲ್ಲಿ ಒಬ್ಬನನ್ನು ಗುರುಗಳು ತಮ್ಮೆದುರಿನ ಮಣೆಯ ಮೇಲೆ ಕೂರಿಸುತ್ತಿದ್ದರು. ಅದು ಪೂರ್ವಪಕ್ಷದ ಮಣೆ. ಅಲ್ಲಿ ಕೂತವನು ಬೌದ್ಧನಾಗಿ ವಾದ ಮಾಡಬೇಕು, ನಂಬದಿದ್ದರೂ ನಂಬಿದವನ ಹಾಗೆ ಹಟ ಹಿಡಿಯಬೇಕು, ಕೊನೆಗೆ ಗುರುಗಳ ಉತ್ತರಕ್ಕೆ ಸೋತು ಸುಮ್ಮನಾಗಬೇಕು. ಎರಡು ವರ್ಷ ಆ ಮಣೆಯ ಮೇಲೆ ಕೂತವನು ನಾನು. ಗುರುಗಳ ಮುಖ ಆ ಮಣೆಯಿಂದ ಎರಡು ಮೊಳ ದೂರ. ಮಾತನಾಡುವಾಗ ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು.

ಆಷಾಢದ ಮಳೆಯಲ್ಲಿ ಒಕುದಾ ಬಂದ. ಜಪಾನಿನವನು, ನನ್ನ ವಯಸ್ಸಿನವನೇ, ಗಿಡ್ಡ, ಕನ್ನಡಕ, ಬಗಲಲ್ಲಿ ಮೇಣಬಟ್ಟೆ ಸುತ್ತಿದ ಪುಸ್ತಕ. ಕ್ಯೋಟೊದಲ್ಲಿ ತತ್ತ್ವಶಾಸ್ತ್ರ ಓದಿದ್ದ. ಶೂನ್ಯವಾದಿಗಳಾದ ಮಾಧ್ಯಮಿಕ ಬೌದ್ಧರ ಮೂಲಗ್ರಂಥವನ್ನು ಹಿಂದೂಸ್ಥಾನದ ಶಾಸ್ತ್ರಿಯೊಬ್ಬರ ಬಾಯಿಂದಲೇ ಕೇಳಬೇಕೆಂದು ಹಡಗು ಹತ್ತಿ ಬಂದಿದ್ದ. ಸಂಸ್ಕೃತವನ್ನು ನಿಧಾನವಾಗಿ, ಒಂದೊಂದು ಪದವನ್ನೂ ತೊಳೆದಿಟ್ಟ ಹಾಗೆ ಮಾತನಾಡುತ್ತಿದ್ದ.

ಪಾಠ ನಡೆಯುತ್ತಿದ್ದದ್ದು ಒಳಗಿನ ಕೋಣೆಯಲ್ಲಿ. ಮಡಿಯ ಮನೆ, ಪರದೇಶದವನು ಅಲ್ಲಿ ಬರುವಂತಿಲ್ಲ. ಅವನು ಪಡಸಾಲೆಯಲ್ಲಿ ಕೂತು ಹೊಸ್ತಿಲ ಆಚೆಯಿಂದ ಕೇಳಲಿ ಎಂದು ಏರ್ಪಾಡಾಯಿತು. ನನಗೆ ಅದು ಸರಿಕಂಡಿತು. ಮೂರು ದಿನ ಹಾಗೇ ನಡೆಯಿತು. ನಾಲ್ಕನೆಯ ದಿನ ಗುರುಗಳು ತಮ್ಮ ಚಾಪೆಯನ್ನು ತಾವೇ ಸುತ್ತಿಕೊಂಡು ಎದ್ದರು.

"ಮಳಿ ಸಪ್ಪಳದಾಗ ಅವಗ ನನ್ನ ಮಾತು ಕೇಳಂಗಿಲ್ಲ. ಎಲ್ಲಾರೂ ಹೊರಗ ಕೂಡೂಣು."

ಆ ಕೋಣೆಯ ಒಳಗೆ ಬರಲು ನಾನು ಎಂಟು ತಿಂಗಳು ಪಡಸಾಲೆಯಲ್ಲಿ ಕಾದಿದ್ದೆ. ಅವನಿಗಾಗಿ ಕೋಣೆಯೇ ಎದ್ದು ಹೊರಗೆ ಬಂತು.

ಶ್ರಾವಣದಲ್ಲಿ ಮಣೆಯೂ ಹೋಯಿತು. ಅಂದು ನಾನು ಎಂದಿನಂತೆ ವಾದ ಹೂಡಿದ್ದೆ: ಯಾವುದಕ್ಕೂ ಸ್ವಂತದ ಸ್ವಭಾವವಿಲ್ಲ, ಎಲ್ಲವೂ ಇನ್ನೊಂದನ್ನು ಆತು ನಿಂತಿದೆ, ಆದ್ದರಿಂದ ಎಲ್ಲ ಶೂನ್ಯ. ಗುರುಗಳು ನಡುವೆಯೇ ಕೈಯೆತ್ತಿ ಒಕುದಾನ ಕಡೆ ತಿರುಗಿ, "ನಿಮ್ಮಲ್ಲಿ ಇದನ್ನು ಹೇಗೆ ಹೇಳುತ್ತಾರೆ?" ಎಂದು ಸಂಸ್ಕೃತದಲ್ಲಿ ಕೇಳಿದರು.

ಅವನು ತನ್ನ ಕ್ಯೋಟೊದ ಪ್ರಾಧ್ಯಾಪಕರ ವಿಚಾರ ಹೇಳಿದ. ಅವರು ಜರ್ಮನರ ತತ್ತ್ವವನ್ನೆಲ್ಲ ಅರಗಿಸಿಕೊಂಡವರು. ಆದರೆ ಹರೆಯದಲ್ಲಿ ಹತ್ತು ವರ್ಷ ಝೆನ್ ಮಠದಲ್ಲಿ ಗೋಡೆಗೆ ಮುಖ ಮಾಡಿ ಧ್ಯಾನಕ್ಕೆ ಕೂತವರು. ಅವರು ಹೇಳುವುದು ಹೀಗೆ: ಗಂಟೆಯ ನಾದ ಕೇಳುತ್ತದೆ. ‘ನಾನು ಕೇಳಿದೆ’ ಎನ್ನುವುದು ಆಮೇಲೆ ಬರುತ್ತದೆ. ಮೊದಲು ಇರುವುದು ಬರೀ ನಾದ. ಅಲ್ಲಿ ಕೇಳುವವನೂ ಇಲ್ಲ, ಗಂಟೆಯೂ ಇಲ್ಲ. ಪ್ರತಿಯೊಂದು ವಸ್ತುವಿಗೂ ಇರಲು ಒಂದು ಸ್ಥಳ ಬೇಕು, ಆ ಸ್ಥಳಕ್ಕೆ ಇನ್ನೂ ದೊಡ್ಡ ಸ್ಥಳ ಬೇಕು. ಎಲ್ಲಕ್ಕೂ ಕೊನೆಯ ಸ್ಥಳ ಯಾವುದೋ ಅದು ತಾನೇ ಒಂದು ವಸ್ತುವಾಗಿದ್ದರೆ ಅದಕ್ಕೂ ಸ್ಥಳ ಬೇಕಾಗುತ್ತಿತ್ತು. ಅದಕ್ಕೇ ಪ್ರಾಧ್ಯಾಪಕರು ಅದನ್ನು ‘ಏನೂ ಅಲ್ಲದ್ದು’ ಎನ್ನುತ್ತಾರೆ. ಇಲ್ಲದ್ದು ಎನ್ನುವುದಿಲ್ಲ.

ಗುರುಗಳು ಖಂಡನೆಗೆ ಇಳಿಯಲಿಲ್ಲ. ಗಡ್ಡ ಕೆರೆದುಕೊಂಡು ನನ್ನ ಕಡೆ ನೋಡಿದರು. "ರಾಘು, ಎರಡು ವರ್ಷ ನೀ ಬೌದ್ಧನ ಸೋಗು ಹಾಕಿದಿ. ಭಾಳ ಛಲೋ ಹಾಕಿದಿ. ಈಗ ಖರೇ ಬೌದ್ಧ ಬಂದಾನ. ಮಣೆ ಅವಗ ಬಿಡು."

ಬಿಟ್ಟೆ. ಮಣೆಯನ್ನು ನಾನೇ ಎತ್ತಿ ಅವನ ಮುಂದೆ ಇಟ್ಟೆ. ಅವನು ನನಗೆ ಸೊಂಟದವರೆಗೆ ಬಾಗಿ ನಮಸ್ಕರಿಸಿ ಕೂತ. ಆ ನಮಸ್ಕಾರ ನನ್ನನ್ನು ಇನ್ನಷ್ಟು ಸುಟ್ಟಿತು.

ಗುರುಪತ್ನಿಯನ್ನು ನಾವೆಲ್ಲ ಕಾಕು, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅವತ್ತು ಗುರುವಾರ, ನನ್ನ ವಾರಾನ್ನ ಅವರ ಮನೆಯಲ್ಲೇ. ಎಲೆಯ ಮುಂದೆ ಕೂತ ನನ್ನನ್ನು ನೋಡಿ ಕಾಕು, "ಯಾಕೋ ರಾಘು, ಮಾರಿ ಸುಟ್ಟ ಬದನೀಕಾಯಿ ಆಗೇದಲ್ಲ?" ಎಂದರು.

"ಏನಿಲ್ಲ ಕಾಕು."

"ಏನಿಲ್ಲ ಅಂದ್ರ ಶೂನ್ಯ ಏನು? ನಿಮ್ಮ ಒಕುದಪ್ಪನೂ ಹಂಗ ಅಂತಾನ. ನಾ ಕೇಳಿದೆ, ಶೂನ್ಯ ಅಂದ್ರ ಏನಪಾ ಅಂತ. ಕೈ ಹಿಂಗ ಅಗಲ ಮಾಡಿ ತೋರಿಸಿದಾ. ಹಂಗಾರ ಬಯಲು ಅನ್ನು, ನಮ್ಮ ಕಡೆ ಬಯಲು ಅಂತೀವಿ, ಬಯಲಾಗ ಎಲ್ಲಾ ಇರ್ತಾವ ಅಂದೆ. ಅದನ್ನೂ ವಹಿಯೊಳಗ ಬರ್ಕೊಂಡಾ, ಹುಚ್ಚಪ್ಪ."

ಒಕುದಾ ಅವರ ಬಾಯಲ್ಲಿ ಒಕುದಪ್ಪನಾಗಿದ್ದ. ನನ್ನನ್ನು ರಾಘಪ್ಪ ಎಂದು ಅವರು ಒಮ್ಮೆಯೂ ಕರೆದಿರಲಿಲ್ಲ. ಎರಡನೆಯ ಸಲ ಸಾರು ಬೇಡವೆಂದು ಎದ್ದೆ.

ಮನೆ ಅವನಿಗೆ ಹೊಂದಿಕೊಂಡುಬಿಟ್ಟಿತು. ಪಡಸಾಲೆಯ ಮೂಲೆಯಲ್ಲಿ ಅವನ ತೆಳ್ಳನೆಯ ಊದಿನಕಡ್ಡಿ ಉರಿಯುತ್ತಿತ್ತು. ಗುರುಗಳು ಬೇಡ ಎನ್ನಲಿಲ್ಲ. ಬಾಗಿಲಿಗೆ ಯಾರಾದರೂ ಬಂದರೆ "ಬರ್ರಿ, ಕೂಡ್ರಿ" ಎನ್ನಲು ಕಲಿತ. ನನಗಂತೂ ಅವನು ಪುಸ್ತಕ ಹಿಡಿಯುವ ರೀತಿಯಿಂದ ಚಪ್ಪಲಿ ಬಿಡುವ ರೀತಿಯವರೆಗೆ ಎಲ್ಲವೂ ಹೊಟ್ಟೆಯುರಿಸುತ್ತಿತ್ತು. ನನ್ನ ವೇಳಾಪಟ್ಟಿಗೆ ದಿನವೂ ಇನ್ನೊಂದು ಗಂಟೆ ಓದು ಸೇರಿಸಿದೆ. ಅವನು ಗಂಟೆ ನೋಡುತ್ತಲೇ ಇರಲಿಲ್ಲ.

ಆದರೂ ಸಂಜೆಯ ಹೊತ್ತು ನದಿಯ ಘಾಟಿನ ಮೇಲೆ ನಾವಿಬ್ಬರೂ ಕೂಡುತ್ತಿದ್ದೆವು. ಅವನಿಗೆ ಇಂಗ್ಲಿಷು ಬರುತ್ತಿತ್ತು, ನನಗೂ ಬರುತ್ತಿತ್ತು. ಜೊತೆಗೆ, ಅವನಿಗೆ ಏನು ಗೊತ್ತಿದೆ ಎಂಬುದು ನನಗೆ ಗೊತ್ತಾಗಬೇಕಿತ್ತು. ಭಾದ್ರಪದದ ಒಂದು ಸಂಜೆ, ಮುಠಾ ನದಿ ಕೆಂಪಗೆ ತುಂಬಿ ಹರಿಯುತ್ತಿದ್ದಾಗ, ಅವನು ತನ್ನ ಮನೆಯ ವಿಷಯ ಹೇಳಿದ.

ಅವನ ತಂದೆ ಹಳ್ಳಿಯ ಒಂದು ಮಂದಿರದ ಪೂಜಾರಿ. ಅದು ಝೆನ್ ಅಲ್ಲ. ಅಲ್ಲಿ ಧ್ಯಾನವಿಲ್ಲ, ಗೋಡೆಗೆ ಮುಖ ಮಾಡಿ ಕೂರುವುದಿಲ್ಲ. ಬುದ್ಧನ ನಾಮ ಹೇಳುವುದು ಅಷ್ಟೇ. ನಮ್ಮ ಶಕ್ತಿಯಿಂದ ಏನೂ ಆಗುವುದಿಲ್ಲ, ಆಗುವುದೆಲ್ಲ ಅವನ ಶಕ್ತಿಯಿಂದ ಎಂಬ ಮತ. ಮೀನು ಮಾರುವ ಹೆಂಗಸರು, ಗದ್ದೆಯ ಆಳುಗಳು ಬಂದು ನಾಮ ಹೇಳಿ ಹೋಗುತ್ತಿದ್ದರು. ಕ್ಯೋಟೊಕ್ಕೆ ಓದಲು ಹೋದ ಮೇಲೆ ಒಕುದಾನಿಗೆ ಅದರ ಬಗ್ಗೆ ನಾಚಿಕೆಯಾಯಿತು. ಪ್ರಾಧ್ಯಾಪಕರು ಕೂತ ಮಠಕ್ಕೇ ಹೋಗಿ ಒಂದು ಇಡೀ ಚಳಿಗಾಲ ಕೂತ. ಬೆಳಗಿನ ಮೂರಕ್ಕೆ ಏಳುವುದು, ತೂಕಡಿಸಿದರೆ ಬೆನ್ನಿಗೆ ಕೋಲಿನ ಏಟು. "ಏನೂ ಸಿಗಲಿಲ್ಲ, ಮಂಡಿನೋವು ಸಿಕ್ಕಿತು" ಎಂದು ನಕ್ಕ.

"ಆಮೇಲೆ ನನ್ನ ತಾಯಿ ತೀರಿಹೋದಳು" ಎಂದ. "ಊರಿಗೆ ಹೋದೆ. ಮಾರನೆಯ ದಿನ ಬೆಳಿಗ್ಗೆ ಮನೆಯ ಹಿಂದೆ ಕೂತು ಅನ್ನದ ಪಾತ್ರೆ ತಿಕ್ಕುತ್ತಿದ್ದೆ. ಯಾರೋ ನಾಮ ಹೇಳುತ್ತಿದ್ದಾರೆ ಅನಿಸಿತು. ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಹೇಳುತ್ತಿದ್ದದ್ದು ನನ್ನ ಬಾಯಿ. ನಾನು ಹೇಳಬೇಕೆಂದುಕೊಂಡಿರಲಿಲ್ಲ. ಅಳುವೂ ಹಾಗೇ ಬಂದಿತ್ತು. ‘ನಾನು ಅಳುತ್ತಿದ್ದೇನೆ’ ಅನ್ನುವುದು ಆಮೇಲೆ ಬಂತು. ಪ್ರಾಧ್ಯಾಪಕರು ಯಾವುದನ್ನು ಸ್ಥಳ ಎನ್ನುತ್ತಾರೋ ಅದು ನನಗೆ ಮಠದಲ್ಲಿ ತಿಳಿಯಲಿಲ್ಲ, ಆ ಪಾತ್ರೆಯ ಹತ್ತಿರ ತಿಳಿಯಿತು. ಇದನ್ನು ಅವರಿಗೆ ಹೇಳಲು ಧೈರ್ಯವಾಗಲಿಲ್ಲ. ನಿನಗೇ ಮೊದಲು ಹೇಳುತ್ತಿದ್ದೇನೆ."

ನಾಲ್ಕೂವರೆಗೆ ಏಳುವ ನನಗೆ, ಹತ್ತು ವರ್ಷ ಬಾಯಿಪಾಠ ಮಾಡಿದ ನನಗೆ, ಅಂಥದ್ದು ಒಂದೂ ಆಗಿರಲಿಲ್ಲ.

ಕಾರ್ತೀಕದಲ್ಲಿ ಚಾತುರ್ಮಾಸ ಮುಗಿದಾಗ ಗುರುಗಳ ವಾಡೆಯ ಅಂಗಳದಲ್ಲಿ ವಾಕ್ಯಾರ್ಥ ಸಭೆ ನಡೆಯುವುದು ರೂಢಿ. ಊರಿನ ಪಂಡಿತರೆಲ್ಲ ಬಂದು ಕೂಡುತ್ತಾರೆ. ಅವರೆದುರು ಗುರುಗಳಿಗೂ ಪೂರ್ವಪಕ್ಷಿಗೂ ವಾದ. ಆ ವರ್ಷ ಊರಿನ ಒಂದು ಸಂಸ್ಕೃತ ಪಾಠಶಾಲೆಯ ಮುಖ್ಯರೂ ಬರುವವರಿದ್ದರು. ಅವರಿಗೆ ಒಬ್ಬ ಅಧ್ಯಾಪಕ ಬೇಕಾಗಿತ್ತು. ಮಣೆಯ ಮೇಲೆ ಕೂತವನನ್ನು ಅವರು ನೋಡುತ್ತಾರೆ, ಕಂಬಕ್ಕೆ ಒರಗಿ ಕೂತವನನ್ನು ನೋಡುವುದಿಲ್ಲ. ಏಳು ಮನೆಯ ಊಟ ಬಿಡಲು ನನಗಿದ್ದ ದಾರಿ ಅದೊಂದೇ. ಆದರೆ ಮುಂದಿನದನ್ನು ನೌಕರಿಗಾಗಿ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಆ ಎರಡು ಮೊಳದ ದೂರದಿಂದ ಗುರುಗಳು ಮತ್ತೆ ನನ್ನ ಕಣ್ಣನ್ನು ನೋಡಬೇಕಿತ್ತು.

ನಮ್ಮ ಪಾಠಕ್ಕೆ ಅನಧ್ಯಾಯದ ದಿನಗಳಿದ್ದವು. ಅಷ್ಟಮಿ, ಪಾಡ್ಯ, ಹುಣ್ಣಿಮೆ, ಅಮಾವಾಸ್ಯೆಗಳಂದು ಪುಸ್ತಕ ಬಿಚ್ಚುವುದಿಲ್ಲ. ಒಕುದಾನಿಗೆ ತಿಥಿ ತಿಳಿಯದು. ಯಾವ ದಿನ ಪಾಠವಿಲ್ಲವೆಂದು ಅವನಿಗೆ ಹೇಳುವ ಕೆಲಸವನ್ನು ಗುರುಗಳು ನನಗೆ ವಹಿಸಿದ್ದರು. ಪುಣೆಯಲ್ಲಿ ಆಗ ಎರಡು ಪಂಚಾಂಗ ನಡೆಯುತ್ತಿದ್ದವು. ಗಣಿತ ಬೇರೆಯಾದ್ದರಿಂದ ಕೆಲವು ತಿಥಿ ಒಂದರಲ್ಲಿ ಇವತ್ತಾದರೆ ಇನ್ನೊಂದರಲ್ಲಿ ನಾಳೆ. ಆಶ್ವಿನ ಬಹುಳದಲ್ಲಿ ನನ್ನ ಕೋಣೆಯ ಮಾಲೀಕನ ಪಂಚಾಂಗದಲ್ಲಿ ಅಷ್ಟಮಿ ಗುರುವಾರ ಬಿದ್ದಿತ್ತು. ಗುರುಗಳ ಪಂಚಾಂಗದಲ್ಲಿ ಶುಕ್ರವಾರ. ಹೇಳದೆ ಒಂದು ಪಾಠ ತಪ್ಪಿಸಿದವನು ಆ ವರ್ಷ ಸಭೆಯಲ್ಲಿ ಕೂರುವಂತಿಲ್ಲ ಎಂಬುದು ಗುರುಗಳ ನಿಯಮ. ಅವರ ತಂದೆಯ ಕಾಲದಿಂದ ನಡೆದುಬಂದದ್ದು.

ಬುಧವಾರ ಬೆಳಿಗ್ಗೆ ಪಾಠ ಮುಗಿದ ಮೇಲೆ ಒಕುದಾನಿಗೆ ಹೇಳಿದೆ: "ನಾಳೆ ಅಷ್ಟಮಿ. ಪಾಠವಿಲ್ಲ."

ಅವನು ವಹಿ ತೆಗೆದು ಬರೆದುಕೊಂಡ. "ಹಾಗಾದರೆ ನಾಳೆ ಕಾರ್ಲೆಯ ಬೌದ್ಧ ಗುಹೆಗಳಿಗೆ ಹೋಗಿಬರುತ್ತೇನೆ. ಎಷ್ಟು ದಿನದಿಂದ ಆಸೆಯಿತ್ತು."

ಗುರುವಾರ ಪಾಠದ ಹೊತ್ತಿಗೆ ಪೂರ್ವಪಕ್ಷದ ಮಣೆ ಖಾಲಿ. ಗುರುಗಳು ಬಾಗಿಲ ಕಡೆ ನೋಡಿದರು. ಹತ್ತು ನಿಮಿಷ ಕಾದರು. ಯಾರಿಗಾಗಿಯೂ ಅವರು ಕಾದವರಲ್ಲ.

"ಒಕುದಾಗ ಹೇಳಿದ್ದಿಲ್ಲೇನು ರಾಘು?"

"ನಾಳೆ ಅಷ್ಟಮಿ ಅಂತ ಹೇಳೇನ್ರಿ" ಎಂದೆ. ಬುಧವಾರ ಆಡಿದ ಮಾತು ಅದೇ ಆಗಿತ್ತು, ಗುರುವಾರ ಕೇಳಿದವರಿಗೆ ಅದು ಶುಕ್ರವಾರವಾಯಿತು. ಪಾಠ ನಡೆಯಿತು. ಒಂದು ಅಕ್ಷರವೂ ನನ್ನ ತಲೆಗೆ ಹತ್ತಲಿಲ್ಲ.

ಶನಿವಾರ ಅವನು ಬಂದ. ಬಿಸಿಲಿಗೆ ಮೂಗು ಸುಲಿದಿತ್ತು. ಗುರುಗಳು ಸಂಸ್ಕೃತದಲ್ಲಿ, "ಗುರುವಾರ ಏಕೆ ಬರಲಿಲ್ಲ?" ಎಂದರು. ನಾನು ಕಂಬದ ಹತ್ತಿರ ಕೂತು ನನ್ನ ಹೆಸರು ಬರುವುದನ್ನೇ ಕಾಯುತ್ತಿದ್ದೆ. ಪಂಚಾಂಗ ತಪ್ಪಿತು ಎಂಬ ಉತ್ತರವನ್ನು ಮೂರು ರೀತಿಯಲ್ಲಿ ಜೋಡಿಸಿ ಇಟ್ಟುಕೊಂಡಿದ್ದೆ.

"ಕಾರ್ಲೆಗೆ ಹೋಗಿದ್ದೆ. ತಪ್ಪು ನನ್ನದು" ಎಂದ. ಅಷ್ಟೇ.

ಒಳಗಿನಿಂದ ಕಾಕು ಬಂದು ಬಾಗಿಲಲ್ಲಿ ನಿಂತು, "ಪರದೇಶಿ ಹುಡುಗ. ಒಂದು ದಿನ ತಪ್ಪಿದ್ರ ಏನಾತ್ರಿ?" ಎಂದರು.

"ನಿಯಮ ನಂದ. ನಾನ ಮುರದ್ರ ಹೆಂಗ?" ಎಂದರು ಗುರುಗಳು. ಆಮೇಲೆ ನನ್ನ ಕಡೆ ನೋಡದೆಯೇ, "ರಾಘು, ಮಣೆ ಮ್ಯಾಲೆ ಕೂಡು" ಎಂದರು.

ಸಭೆಯ ದಿನ ಅಂಗಳದಲ್ಲಿ ಚಪ್ಪರ ಹಾಕಿದ್ದರು. ನಾನು ಒಂದು ತಡವರಿಕೆಯಿಲ್ಲದೆ ವಾದ ಮಾಡಿದೆ. ಯಾವ ವಾಕ್ಯದ ಮೇಲೆ ಗುರುಗಳು ಯಾವ ಏಟು ಕೊಡುತ್ತಾರೆ, ಯಾವುದಕ್ಕೆ ನಾನು ತಲೆಬಾಗಬೇಕು ಎಲ್ಲ ಗೊತ್ತಿತ್ತು. ಪಂಡಿತರು ತಲೆದೂಗಿದರು. ಮುಗಿಯುವ ಹೊತ್ತಿಗೆ ಪಾಠಶಾಲೆಯ ಮುಖ್ಯರು, ವಯಸ್ಸಾದವರು, ಪದ್ಧತಿಯಲ್ಲಿಲ್ಲದ ಒಂದು ಪ್ರಶ್ನೆ ಹಾಕಿದರು.

"ಎಲ್ಲವೂ ಶೂನ್ಯ ಎನ್ನುತ್ತೀಯಲ್ಲ, ಸತ್ತವರಿಗಾಗಿ ಅಳುವವನು ಯಾರು?"

ಆ ಪ್ರಶ್ನೆಗೆ ನನ್ನ ಬಾಯಿಪಾಠದಲ್ಲಿ ಉತ್ತರವಿರಲಿಲ್ಲ. ಸಭೆ ಕಾಯುತ್ತಿತ್ತು. ಪಡಸಾಲೆಯ ಕಂಬಕ್ಕೆ ಒರಗಿ ಒಕುದಾ ಕೂತಿದ್ದ. ನಾನು ಅವನ ಕಡೆ ನೋಡಲಿಲ್ಲ, ಬಾಯಿ ತೆರೆದೆ.

"ಒಬ್ಬ ಮಗನಿದ್ದ" ಎಂದೆ. "ತಾಯಿ ಸತ್ತ ಮರುದಿನ ಅನ್ನದ ಪಾತ್ರೆ ತಿಕ್ಕುತ್ತಿದ್ದ." ಪೂರ್ತಿ ಹೇಳಿದೆ. ಬುದ್ಧನ ನಾಮ ತೆಗೆದು ಹರಿನಾಮ ಹಾಕಿದೆ. ಅಳು ಮೊದಲು, ಅಳುವವನು ಆಮೇಲೆ; ಆ ಮೊದಲಿನ ಜಾಗವನ್ನೇ ನಾವು ಶೂನ್ಯ ಎನ್ನುತ್ತೇವೆ ಎಂದು ಮುಗಿಸಿದೆ.

ಮುಖ್ಯರು ಉತ್ತರೀಯದಿಂದ ಕಣ್ಣು ಒರೆಸಿಕೊಂಡರು. ಇನ್ನು ಗುರುಗಳು ಖಂಡಿಸಬೇಕು. ಅವರು ನನ್ನ ಕಣ್ಣನ್ನು ನೋಡಿದರು, ಎರಡು ಮೊಳ ದೂರದಿಂದ, ನಾನು ಆಸೆಪಟ್ಟ ಹಾಗೆಯೇ. ಆಮೇಲೆ ನನ್ನನ್ನು ದಾಟಿ ಪಡಸಾಲೆಯ ಕಡೆ ನೋಡಿ, "ಇದಕ್ಕ ನನ್ನ ಹಂತ್ಯಾಕ ಉತ್ತರ ಇಲ್ಲ" ಎಂದು ಪುಸ್ತಕ ಕಟ್ಟಿದರು. ಆ ಅಂಗಳದಲ್ಲಿ ಸಿದ್ಧಾಂತಿ ಸೋತದ್ದು ಅದೇ ಮೊದಲು. ಮರುದಿನ ನೌಕರಿಯ ಪತ್ರ ಬಂತು.

ಜನ ಚದುರುವಾಗ ಒಕುದಾ ಹತ್ತಿರ ಬಂದು, ಕಾಕು ಕಲಿಸಿದ ಕನ್ನಡದಲ್ಲಿ, "ಭಾಳ ಛಲೋ ಹೇಳಿದ್ರಿ" ಎಂದ. ಅದರಲ್ಲಿ ಕೊಂಕು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಕೊಂಕು ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹದಿನೈದು ದಿನದಲ್ಲಿ ಅವನು ಹೊರಟ. ಮುಂಬಯಿಗೆ ಮಧ್ಯಾಹ್ನದ ಗಾಡಿ, ಅಲ್ಲಿಂದ ಹಡಗು. ಹಾಸಿಗೆಯ ಸುರುಳಿ ಹೊತ್ತು ನಾನೇ ಸ್ಟೇಷನ್ನಿಗೆ ಹೋದೆ. ಹೊಸ ನೌಕರಿ, ಹೊಸ ಕೋಟು. ಈಗ ಹೇಳಿಬಿಟ್ಟರೆ ಹಗುರಾಗುತ್ತದೆ ಅನಿಸಿತು. ಗಾಡಿ ಬರಲು ಹತ್ತು ನಿಮಿಷವಿದ್ದಾಗ ಹೇಳಿದೆ.

"ಒಕುದಾ, ಆ ಗುರುವಾರ ಪಾಠವಿತ್ತು. ನನಗೆ ಗೊತ್ತಿತ್ತು. ಬೇಕೆಂದೇ ತಪ್ಪು ದಿನ ಹೇಳಿದೆ."

ಅವನು ಕನ್ನಡಕ ತೆಗೆದು ಒರೆಸಿದ. "ಬುಧವಾರ ಸಂಜೆ ಕಾಕುವಿನ ಊಟದ ಡಬ್ಬಿ ವಾಪಸು ಕೊಡಲು ಹೋಗಿದ್ದೆ. ‘ನಾಳೆ ಪಾಠ ಮುಗಿಸಿ ಊಟಕ್ಕ ನಿಂದ್ರು, ಕಡಬು ಮಾಡ್ತೀನಿ’ ಅಂದರು" ಎಂದ.

"ಹಾಗಾದರೆ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ ಏಕೆ ಬರಲಿಲ್ಲ?"

"ನೀನು ಯಾವಾಗಲೂ ಮುಖ ನೋಡಿ ಮಾತಾಡುವವನು. ಅವತ್ತು ಗೋಡೆ ನೋಡಿ ಹೇಳಿದೆ. ಇವನಿಗೆ ಇದು ತುಂಬ ಬೇಕಾಗಿದೆ ಅನಿಸಿತು. ನನಗೆ ಅಷ್ಟು ಬೇಕಾಗಿರಲಿಲ್ಲ. ಕಾರ್ಲೆಯನ್ನೂ ನೋಡಬೇಕಿತ್ತು." ಸ್ವಲ್ಪ ನಕ್ಕ. "ಕಡಬು ತಪ್ಪಿದ್ದಕ್ಕೆ ಮಾತ್ರ ಬೇಸರವಾಯಿತು."

ನಾನು ಕೃತಜ್ಞನಾಗಲಿಲ್ಲ. ಕಿವಿಯವರೆಗೆ ಬೆಂಕಿ ಏರಿತು. ನನ್ನ ಶಕ್ತಿಯಿಂದ ಗಳಿಸಿದ್ದಲ್ಲ ಎಂದು ತಿಳಿದಿದ್ದೆ, ಕದ್ದದ್ದು ಎಂದುಕೊಂಡಿದ್ದೆ. ಕದ್ದದ್ದಾದರೂ ನನ್ನದು ಎಂದುಕೊಂಡಿದ್ದೆ. ಅವನು ಅದನ್ನೂ ಕೊಟ್ಟದ್ದಾಗಿ ಮಾಡಿಬಿಟ್ಟ. "ನೀನು ಹೀಗೆ ಮಾಡಬಾರದಿತ್ತು" ಎಂದೆ. ಗಾಡಿ ಬಂತು. ಅವನು ಸೊಂಟದವರೆಗೆ ಬಾಗಿದ. ನಾನು ಬಾಗಲಿಲ್ಲ.

ಆ ಪಾಠಶಾಲೆಯಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿದೆ. ಒಂದು ದಿನವೂ ತಡವಾಗಿ ಹೋದವನಲ್ಲ. ಒಕುದಾನಿಂದ ಒಂದು ಕಾಗದ ಬಂದಿತ್ತು. ಗುರುಗಳ, ಕಾಕುವಿನ ಆರೋಗ್ಯ ಕೇಳಿದ್ದ. ತನ್ನ ವಿಷಯ ಏನೂ ಬರೆದಿರಲಿಲ್ಲ. ನಾನು ಉತ್ತರ ಬರೆಯುವ ಮೊದಲು ಯುದ್ಧ ಬಂತು, ಯುದ್ಧ ಮುಗಿದ ಮೇಲೂ ಬರೆಯಲಿಲ್ಲ. ಆ ದೇಶಕ್ಕೆ ಹೋಗಿಬಂದ ಪ್ರಾಧ್ಯಾಪಕರನ್ನು ಎಷ್ಟೋ ಸಲ ಕಂಡಿದ್ದೇನೆ. ಅವನು ಬದುಕಿದ್ದಾನೆಯೇ, ಏನಾದ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕ್ಯೋಟೊದಲ್ಲಿ ದೊಡ್ಡ ತತ್ತ್ವಜ್ಞನಾಗಿದ್ದಾನೆ ಎಂದು ಯಾರಾದರೂ ಹೇಳಿದರೆ ಒಂದು ವಾರ ನನಗೆ ನಿದ್ದೆ ಬರುವುದಿಲ್ಲ. ಅದೆಲ್ಲ ಬಿಟ್ಟು ಹಳ್ಳಿಗೆ ಹೋಗಿ, ತಂದೆಯ ಮಂದಿರದಲ್ಲಿ ಮೀನಿನ ಬುಟ್ಟಿಯವರ ಜೊತೆ ಕೂತು ನಾಮ ಹೇಳಿಕೊಂಡಿದ್ದಾನೆ ಎಂದು ಹೇಳಿದರೆ, ಆಮೇಲೆ ನಿದ್ದೆ ಎಂದಿಗೂ ಬರುವುದಿಲ್ಲ.